ಸೋಂಪು ಬಿತ್ತಿದೆ, ಸಬ್ಬಸಿಗೆ ಥರ ಬಂತು, ಕಾಳು ಮಾತ್ರ ಜೊಳ್ಳು: ಎಲ್ಲಿ ತಪ್ಪಾಯ್ತು?

ಪ್ರಶ್ನೆ: ಏಪ್ರಿಲ್‌ನಲ್ಲಿ ಅಡುಗೆಮನೆ ಡಬ್ಬದಲ್ಲಿದ್ದ ಸೋಂಪನ್ನೇ ಒಂದು ಹಿಡಿ ತೆಗೆದು ತಾರಸಿಯ ಎರಡು ಕುಂಡಗಳಲ್ಲಿ ಬಿತ್ತಿದೆ. ಹತ್ತರಲ್ಲಿ ಎರಡೋ ಮೂರೋ ಮೊಳೆತವು. ಗಿಡ ನೋಡಿದರೆ ಥೇಟ್ ಸಬ್ಬಸಿಗೆ. ಜುಲೈ ಮಳೆಗೆ ಅರ್ಧದಷ್ಟು ಬುಡ ಕೊಳೆತು ಬಿದ್ದವು. ಉಳಿದವು ಈಗ ಆಗಸ್ಟ್‌ನಲ್ಲಿ ಎದೆಮಟ್ಟ ಬೆಳೆದು ಹಳದಿ ಹೂ ಬಿಟ್ಟಿವೆ. ಹೂಗೊಂಚಲಿನ ತುಂಬ ಹೇನು. ಕಾಳು ಕಟ್ಟಿದ ಹಾಗೆ ಕಂಡರೂ ಒತ್ತಿದರೆ ಒಳಗೆ ಏನೂ ಇಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಕಾಣುವಂಥ ಬಿಳಿ ಗೆಡ್ಡೆಯೂ ಬರಲಿಲ್ಲ. ನಮ್ಮ ಅತ್ತೆ ‘ಇದು ಸಬ್ಬಸಿಗೆನೇ ಕಣೇ’ ಅಂತಾರೆ. ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ‘ಇಲ್ಲಿ ರಸ್ತೆ ಪಕ್ಕ ತಾನಾಗೇ ಬೆಳೆಯುತ್ತೆ, ನಿನಗ್ಯಾಕಮ್ಮ ಬರಲ್ಲ’ ಅಂತ ನಗುತ್ತಾಳೆ. ನಮ್ಮ ಕಡೆ ಸೋಂಪು ಆಗೋದೇ ಇಲ್ವಾ? ಇರುವ ಗಿಡ ಕಿತ್ತುಹಾಕಲೇ?
– ಮೈಸೂರಿನ ಓದುಗರು

ಉತ್ತರ: ಆಗುತ್ತದೆ. ಮೈಸೂರಿನಲ್ಲಂತೂ ಚೆನ್ನಾಗಿಯೇ ಆಗುತ್ತದೆ. ನಿಮ್ಮ ಕೈಗುಣದಲ್ಲಿ ತಪ್ಪಿಲ್ಲ, ಮಣ್ಣಿನಲ್ಲೂ ಇರಲಿಕ್ಕಿಲ್ಲ. ಕೈಕೊಟ್ಟಿದ್ದು ಕ್ಯಾಲೆಂಡರ್. ಏಪ್ರಿಲ್‌ನಲ್ಲಿ ಬಿತ್ತಿದ ಸೋಂಪು ಇದಕ್ಕಿಂತ ಚೆನ್ನಾಗಿ ಬಂದಿದ್ದರೆ ನಾನೇ ಆಶ್ಚರ್ಯಪಡುತ್ತಿದ್ದೆ. ಗಿಡ ಎದೆಮಟ್ಟ ಬಂದಿದೆ ಅಂದರೆ ನೀವು ಚೆನ್ನಾಗಿಯೇ ನೋಡಿಕೊಂಡಿದ್ದೀರಿ.

ಮೊದಲು ಅತ್ತೆಯವರ ಅನುಮಾನ ಬಗೆಹರಿಸೋಣ. ಮನೆಯಲ್ಲಿ ಶಾಂತಿ ಮುಖ್ಯ, ಅಲ್ವಾ? ಅವರು ಹೇಳಿದ್ದು ಸುಮ್ಮನೆ ತಳ್ಳಿಹಾಕುವ ಮಾತೂ ಅಲ್ಲ. ಸೋಂಪು, ಸಬ್ಬಸಿಗೆ, ಕೊತ್ತಂಬರಿ, ಜೀರಿಗೆ, ಓಮ, ಕ್ಯಾರೆಟ್ ಎಲ್ಲ ಒಂದೇ ಕುಟುಂಬದವು. ಎಲ್ಲಕ್ಕೂ ಕೊಡೆ ಬಿಚ್ಚಿದ ಹಾಗೆ ಹೂಗೊಂಚಲು. ಅದರಲ್ಲೂ ಸೋಂಪು ಮತ್ತು ಸಬ್ಬಸಿಗೆ ಎರಡಕ್ಕೂ ನೂಲಿನಂಥ ಎಲೆ, ಹಳದಿ ಹೂವು. ಮೊಣಕಾಲೆತ್ತರದ ಗಿಡಗಳನ್ನು ಪಕ್ಕಪಕ್ಕ ಇಟ್ಟರೆ ಹಳೆ ರೈತರೂ ಒಂದು ಕ್ಷಣ ನಿಂತು ನೋಡುತ್ತಾರೆ.

ಕಣ್ಣಿಗಿಂತ ಮೂಗನ್ನು ನಂಬಿ. ಒಂದು ಎಳೆ ಕಿತ್ತು ಬೆರಳಲ್ಲಿ ಹೊಸಕಿ ಮೂಸಿ. ಬೀಡಾ ಅಂಗಡಿ ಮುಂದೆ ನಿಂತ ಹಾಗೆ ಸಿಹಿ ವಾಸನೆ ಬಂದರೆ ಸೋಂಪು. ಆ ವಾಸನೆ ಅನೆಥೋಲ್ ಎಂಬ ಎಣ್ಣೆ ಅಂಶದ್ದು. ಚಕ್ರಮೊಗ್ಗಿನಲ್ಲಿ ಇರುವುದೂ ಅದೇ. ಚಕ್ರಮೊಗ್ಗು ಸೋಂಪಿನ ನೆಂಟನೇ ಅಲ್ಲ, ಅದು ಮರ, ಆದರೂ ವಾಸನೆ ಒಂದೇ. ಮೂಸಿದಾಗ ಅಕ್ಕಿರೊಟ್ಟಿ ನೆನಪಾದರೆ ಅದು ಸಬ್ಬಸಿಗೆ. ಇನ್ನೊಂದು ಗುರುತು ಬುಡದಲ್ಲಿದೆ. ಸೋಂಪಿನ ಎಲೆದಂಟು ಕಾಂಡವನ್ನು ಒರೆಯ ಹಾಗೆ ಅಗಲವಾಗಿ ತಬ್ಬಿಕೊಂಡಿರುತ್ತದೆ. ಸಬ್ಬಸಿಗೆಯಲ್ಲಿ ಇದು ಅಷ್ಟು ಎದ್ದು ಕಾಣುವುದಿಲ್ಲ. ಕಾಳು ಬಂದ ಮೇಲಂತೂ ಗೊಂದಲವೇ ಇಲ್ಲ. ಸಬ್ಬಸಿಗೆ ಕಾಳು ಚಪ್ಪಟೆ, ಕಂದು, ಅಂಚಿಗೆ ತೆಳು ರೆಕ್ಕೆಯಂಥ ಪಟ್ಟಿ. ಸೋಂಪು ಉದ್ದ, ದುಂಡು, ಹಸಿರು ಛಾಯೆ, ಮೇಲೆ ಎದ್ದು ಕಾಣುವ ಗೆರೆಗಳು.

ನನಗೂ ಒಮ್ಮೆ ಹೀಗೆ ಆಗಿದೆ. ಸುಮಾರು ವರ್ಷಗಳ ಹಿಂದೆ ಬೀಜದ ಅಂಗಡಿಯೊಂದರಿಂದ ಸೋಂಪಿನ ಪ್ಯಾಕೆಟ್ ತಂದು ಬಿತ್ತಿದ್ದೆ. ಆರು ವಾರ ಕಾದೆ. ಬಂದವರಿಗೆಲ್ಲ ‘ನೋಡಿ, ಸೋಂಪು’ ಅಂತ ತೋರಿಸಿದೆ. ಕೊನೆಗೆ ಮನೆಯಾಕೆ ತಾರಸಿಗೆ ಬಟ್ಟೆ ಒಣಹಾಕಲು ಬಂದವಳು ಒಂದು ಎಲೆ ಮುರಿದು ಬಾಯಿಗೆ ಹಾಕಿ, ‘ಇದಕ್ಕೆ ಅವರೇಕಾಳು ಎಷ್ಟು ತರಲಿ?’ ಅಂದಳು. ಪ್ಯಾಕೆಟ್ ಮೇಲೆ ಸೋಂಪು, ಒಳಗೆ ಸಬ್ಬಸಿಗೆ. ಅವತ್ತು ರಾತ್ರಿ ಹುಳಿ ಚೆನ್ನಾಗಿತ್ತು, ಅದು ಬೇರೆ ಮಾತು. ಅಲ್ಲಿಂದ ಈಚೆಗೆ ಬಿತ್ತುವ ಮೊದಲು ಪ್ಯಾಕೆಟ್ ಒಡೆದು ಎರಡು ಕಾಳು ಅಗಿದು ನೋಡುತ್ತೇನೆ. ಬಣ್ಣಬಣ್ಣದ ಪುಡಿ ಸವರಿದ ಬೀಜವನ್ನು ಮಾತ್ರ ಬಾಯಿಗೆ ಹಾಕಬೇಡಿ, ಅದು ಔಷಧಿ ಬೆರೆಸಿದ್ದು.

ನಿಮ್ಮದು ಅಡುಗೆಮನೆ ಡಬ್ಬದ ಬೀಜ, ಆದ್ದರಿಂದ ಅದು ಸೋಂಪೇ. ಅತ್ತೆಯವರಿಗೆ ಎಲೆ ಮೂಸಿಸಿ.

ಇನ್ನು ಮಗಳ ಮಾತಿಗೆ ಬರೋಣ. ಅವಳು ತಮಾಷೆಗೆ ಹೇಳಿದ್ದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಸೋಂಪಿನ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡು: ಗ್ರೀಸ್, ಇಟಲಿ, ಆ ಕಡೆ. ಹಳೆಯ ಗ್ರೀಕ್ ಭಾಷೆಯಲ್ಲಿ ಸೋಂಪಿಗೆ ಮಾರಾಥಾನ್ ಅಂತಲೇ ಹೆಸರು. ಓಟಕ್ಕೆ ಹೆಸರು ಕೊಟ್ಟ ಆ ಬಯಲಿಗೆ ಈ ಗಿಡದಿಂದಲೇ ಹೆಸರು ಬಂತು ಅನ್ನುತ್ತಾರೆ. ಅಲ್ಲಿನ ಹವೆ ನಮ್ಮದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಒಣ ಒಣ. ಸೋಂಪು ಚಳಿ-ಮಳೆಯಲ್ಲಿ ಮೊಳೆತು, ತಂಪಿನಲ್ಲಿ ಬೇರಿಳಿಸಿ, ಒಣ ಹವೆಯಲ್ಲಿ ಕಾಳು ಕಟ್ಟಲು ಕಲಿತ ಗಿಡ. ಕ್ಯಾಲಿಫೋರ್ನಿಯಾದ ಕರಾವಳಿಗೂ ಇದೇ ಹವೆ. ಅದಕ್ಕೇ ಅಲ್ಲಿ ಬೆಳೆಸಬೇಕಿಲ್ಲ, ಅದೇ ಬೆಳೆಯುತ್ತದೆ. ಎಷ್ಟರ ಮಟ್ಟಿಗೆ ಅಂದರೆ ಅಲ್ಲಿ ಅದು ಕಳೆ. ಸಾಂತಾ ಕ್ರೂಜ್ ದ್ವೀಪದಲ್ಲಿ ಮೇಯುವ ಕುರಿ-ದನಗಳನ್ನು ತೆಗೆದ ಮೇಲೆ ಸೋಂಪು ಪೊದೆಕಾಡಿನ ಹಾಗೆ ಹಬ್ಬಿಕೊಂಡಿತು.

ಮಗಳಿಗೆ ಒಂದು ಮಾತು ಹೇಳಿಬಿಡಿ. ರಸ್ತೆ ಪಕ್ಕದ್ದನ್ನು ಕಿತ್ತು ತಿನ್ನುವ ಸಾಹಸ ಬೇಡ. ಅದೇ ಕುಟುಂಬದ ಹೆಮ್ಲಾಕ್ ಎಂಬ ಕಡುವಿಷದ ಗಿಡ ಕೂಡ ಅಲ್ಲಿ ರಸ್ತೆ ಬದಿಯಲ್ಲೇ ಬೆಳೆಯುತ್ತದೆ. ಅದಕ್ಕೆ ಬಿಳಿ ಹೂವು, ಕಾಂಡದ ಮೇಲೆ ನೇರಳೆ ಮಚ್ಚೆ, ವಾಸನೆ ಅಸಹ್ಯ. ಹೂವಿಲ್ಲದ ಎಳೆ ಗಿಡದಲ್ಲಿ ಮೋಸ ಹೋಗುವುದು ಸುಲಭ.

ಈಗ ನಿಮ್ಮ ಕುಂಡದಲ್ಲಿ ಏನು ನಡೆಯಿತು ಅಂತ ನೋಡಿ. ಏಪ್ರಿಲ್ ಬಿಸಿಲಿಗೆ ಮೊಳಕೆ. ಸೋಂಪಿನ ಬೀಜಕ್ಕೆ ಮಣ್ಣಿನ ಬಿಸಿ 15ರಿಂದ 25 ಡಿಗ್ರಿ ಇದ್ದರೆ ಖುಷಿ. ಏಪ್ರಿಲ್‌ನಲ್ಲಿ ತಾರಸಿಯ ಕುಂಡ ಮಧ್ಯಾಹ್ನ ಮುಟ್ಟಲಿಕ್ಕೇ ಆಗುವುದಿಲ್ಲ. ಆಮೇಲೆ ಮಳೆ. ಎಳೆ ಬುಡಕ್ಕೆ ನೀರು ನಿಂತು ಕೊಳೆ ರೋಗ. ಉಳಿದ ಗಟ್ಟಿ ಗಿಡಗಳು ಹೂ ಬಿಟ್ಟಿದ್ದು ಮೋಡ ಮುಸುಕಿದ ಆಗಸ್ಟ್‌ನಲ್ಲಿ. ಜಿಟಿಜಿಟಿ ಮಳೆಯಲ್ಲಿ ಜೇನುಹುಳ ಹಾರುವುದಿಲ್ಲ, ಪರಾಗಸ್ಪರ್ಶ ಆಗುವುದಿಲ್ಲ. ಅದರ ಜೊತೆಗೆ ಹೇನು ಬಂದು ರಸ ಹೀರಿತು. ಇಷ್ಟೆಲ್ಲ ಆದ ಮೇಲೆ ಕಾಳು ಜೊಳ್ಳಾಗದೆ ಇನ್ನೇನಾಗುತ್ತದೆ?

ಸೋಂಪಿನ ಲೆಕ್ಕಾಚಾರ ಇಷ್ಟೇ: ಹೂವು ಮತ್ತು ಕಾಳು ಬರುವ ಎರಡು ಮೂರು ತಿಂಗಳು ತಂಪಾಗಿ, ಒಣಗಿ, ಬಿಸಿಲಾಗಿ ಇರಬೇಕು. ನಮ್ಮ ಒಳನಾಡಿನಲ್ಲಿ ಅದು ಡಿಸೆಂಬರ್‌ನಿಂದ ಮಾರ್ಚ್. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಬಿತ್ತಿದ ಮೇಲೆ ಹೂ ಬರಲು ಸುಮಾರು ಮೂರು ತಿಂಗಳು ಬೇಕು. ಅಂದರೆ ದಸರೆಗೆ ಬಿತ್ತಬೇಕು. ದಸರೆಗೆ ಬಿತ್ತಿದರೆ ಸಂಕ್ರಾಂತಿ ಹೊತ್ತಿಗೆ ಹೂವು, ಶಿವರಾತ್ರಿಗೆ ಎಳೆಕಾಳು, ಯುಗಾದಿ ಆಸುಪಾಸಿನಲ್ಲಿ ಕೊಯ್ಲು. ಮೈಸೂರಿನವರಿಗೆ ಇದಕ್ಕಿಂತ ನೆನಪಿಟ್ಟುಕೊಳ್ಳಲು ಸುಲಭವಾದ ಕ್ಯಾಲೆಂಡರ್ ಬೇಕಾ? ದೀಪಾವಳಿವರೆಗೂ ತಡೆಯುತ್ತದೆ. ಕಾರ್ತೀಕ ದಾಟಿದರೆ ಕಾಳು ಬಲಿಯುವ ಹೊತ್ತಿಗೆ ಬೇಸಿಗೆ ಹೊಡೆಯುತ್ತದೆ.

ಧಾರವಾಡ, ಬೆಳಗಾವಿ, ಹಾಸನ, ಬೆಂಗಳೂರು, ಎಲ್ಲ ಕಡೆ ಇದೇ ಲೆಕ್ಕ. ಕರಾವಳಿಯವರು ಕೇಳಿದರೆ ನಾನು ಸೊಪ್ಪಿಗಾಗಿ ಬೆಳೆಯಿರಿ, ಕಾಳಿನ ಆಸೆ ಇಟ್ಟುಕೊಳ್ಳಬೇಡಿ ಅನ್ನುತ್ತೇನೆ. ಅಲ್ಲಿನ ಸೆಕೆಗೆ ಅದು ಒಗ್ಗುವುದಿಲ್ಲ.

ನೀವು ಆಗಸ್ಟ್‌ನಲ್ಲಿ ಬರೆದಿದ್ದೀರಿ. ಒಂದು ರೀತಿಯಲ್ಲಿ ಅದೃಷ್ಟ. ನಮ್ಮ ದೇಶದಲ್ಲಿ ಸೋಂಪು ಅಂದರೆ ಗುಜರಾತ್ ಮತ್ತು ರಾಜಸ್ಥಾನ. ಮೆಹ್ಸಾಣಾ ಜಿಲ್ಲೆಯ ಉಂಝಾ ಮಾರುಕಟ್ಟೆಗೆ ಜೀರಿಗೆ, ಸೋಂಪು, ಇಸಬ್ಗೋಲ್ ರಾಶಿ ರಾಶಿ ಬಂದು ಬೀಳುತ್ತದೆ. ಆ ಕಡೆಯ ರೈತರಲ್ಲಿ ಎರಡು ಪದ್ಧತಿ ಇದೆ. ಕೆಲವರು ಅಕ್ಟೋಬರ್‌ನಲ್ಲಿ ನೇರ ಹೊಲಕ್ಕೆ ಬಿತ್ತುತ್ತಾರೆ. ಇನ್ನು ಕೆಲವರು ಮಳೆಗಾಲದಲ್ಲೇ ಮಡಿಯಲ್ಲಿ ಸಸಿ ಎಬ್ಬಿಸಿ, ಆರೇಳು ವಾರ ಬೆಳೆಸಿ, ಆಮೇಲೆ ನಾಟಿ ಮಾಡುತ್ತಾರೆ. ಮಳೆಗಾಲದ ದಿನಗಳು ಮಡಿಯಲ್ಲೇ ಕಳೆದುಹೋಗುತ್ತವೆ, ಗಿಡ ದೊಡ್ಡದಾಗಿ ಹೂವಿಗೆ ಬರುವ ಹೊತ್ತಿಗೆ ಚಳಿ ಶುರುವಾಗಿರುತ್ತದೆ. ನೀವೂ ಹಾಗೇ ಮಾಡಬಹುದು. ಆಗಸ್ಟ್ ಕೊನೆಯಲ್ಲಿ ಕಾಗದದ ಲೋಟಗಳಲ್ಲಿ ಬಿತ್ತಿ, ಮಳೆ ಬೀಳದ, ಬೆಳಕು ಚೆನ್ನಾಗಿರುವ ಜಾಗದಲ್ಲಿ ಇಟ್ಟರೆ ಅಕ್ಟೋಬರ್ ಮೊದಲ ವಾರಕ್ಕೆ ಸಸಿ ತಯಾರು.

‘ಸೋಂಪನ್ನು ಕಿತ್ತು ನೆಡಲೇಬಾರದು, ಅದಕ್ಕೆ ತಾಯಿಬೇರು’ ಅಂತ ಯಾರಾದರೂ ಹೇಳಿಯಾರು. ತಾಯಿಬೇರು ಇರುವುದು ನಿಜ. ಬೇರು ಹರಿದರೆ ಮುನಿಸಿಕೊಳ್ಳುವುದೂ ನಿಜ. ಆದರೆ ಗುಜರಾತಿನ ರೈತರು ಎಕರೆಗಟ್ಟಲೆ ನಾಟಿ ಮಾಡುತ್ತಾರಲ್ಲ! ಲೋಟದ ತಳ ಹರಿದು ಮಣ್ಣಿನ ಹೆಂಟೆ ಒಡೆಯದ ಹಾಗೆ ಇಟ್ಟರೆ ಸಾಕು. ಸಂಜೆ ನೆಡಿ, ಎರಡು ದಿನ ನೆರಳು ಕೊಡಿ.

ಈಗ ಬೀಜದ ವಿಷಯ. ನಿಮ್ಮದು ಹತ್ತಕ್ಕೆ ಎರಡು ಮೂರು ಮೊಳೆತವು ಅಂದಿರಿ. ಅದಕ್ಕೆ ಬಿಸಿಲೊಂದೇ ಕಾರಣ ಅಲ್ಲ. ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ತೆಳ್ಳನೆಯ ಹಸಿರು ಸೋಂಪು ಇದೆಯಲ್ಲ, ಲಖ್ನವಿ ಸೋಂಪು ಅಂತ ಮಾರುತ್ತಾರೆ, ಅದನ್ನು ಬಲಿಯುವ ಮೊದಲೇ ಕೊಯ್ದಿರುತ್ತಾರೆ. ಎಳೆಯದಾದ್ದರಿಂದಲೇ ಅದು ಸಿಹಿ, ನಾರಿಲ್ಲ. ಹಾಲುಗಾಳಿನ ಎಳೆ ಜೋಳ ಬಿತ್ತಿದರೆ ಬೆಳೆ ಬರುತ್ತದಾ? ಇದೂ ಅಷ್ಟೇ. ಸಾಗು-ಮಸಾಲೆಗೆ ಹಾಕುವ ದಪ್ಪ ಸೋಂಪು ಪೂರ್ತಿ ಬಲಿತದ್ದು, ಅದು ಮೊಳೆಯುವ ಸಾಧ್ಯತೆ ಜಾಸ್ತಿ. ಆದರೂ ಗೋದಾಮಿನಲ್ಲಿ ಎಷ್ಟು ವರ್ಷ ಕೂತಿತ್ತೋ ಯಾರಿಗೆ ಗೊತ್ತು. ಎರಡು ಮೂರು ವರ್ಷ ದಾಟಿದರೆ ಮೊಳಕೆ ಶಕ್ತಿ ಕುಸಿಯುತ್ತದೆ. ಹುರಿದದ್ದು, ಸಕ್ಕರೆ ಲೇಪಿಸಿದ್ದು ಬಿತ್ತಬೇಡಿ ಅಂತ ಹೇಳಬೇಕಾಗಿಲ್ಲ. ಹೇಳಬೇಕಾಗಿ ಬಂದ ಸಂದರ್ಭವೂ ನನಗೆ ಒಮ್ಮೆ ಇತ್ತು.

ಡಬ್ಬದ ಬೀಜವನ್ನೇ ಬಳಸುವುದಾದರೆ ಮೊದಲು ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪು ಜಾಗದಲ್ಲಿಡಿ. ಎರಡು ವಾರದಲ್ಲಿ ಆರು ಏಳು ಮೊಳೆತರೆ ಸರಿ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಅದನ್ನು ಒಗ್ಗರಣೆಗೇ ಬಿಡಿ. ಒಳ್ಳೆ ತಳಿಯ ಬೀಜ ಸಿಕ್ಕಿದರೆ ಇನ್ನೂ ಒಳ್ಳೆಯದು. ರಾಜಸ್ಥಾನದ ಅಜ್ಮೇರ್ ಹತ್ತಿರ ತಬೀಜಿ ಎಂಬಲ್ಲಿ ಬೀಜ ಸಾಂಬಾರ ಬೆಳೆಗಳಿಗಾಗಿಯೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರ 2000ರಲ್ಲಿ ಶುರುವಾಯಿತು. ‘ಅಜ್ಮೇರ್ ಫೆನಲ್’ ಹೆಸರಿನ ತಳಿ ಅಲ್ಲಿಯದು (ಫೆನಲ್ ಅಂದರೆ ಇಂಗ್ಲಿಷಿನಲ್ಲಿ ಸೋಂಪು). ‘ಗುಜರಾತ್ ಫೆನಲ್’ ಹೆಸರಿನ ತಳಿಗಳು ಗುಜರಾತಿನ ಜಗುದಣ್ ಕಡೆಯವು. ನಮಗೆ ಹತ್ತಿರದ ಕೊಯಮತ್ತೂರಿನದು ‘ಕೋ-1’.

ಬಿತ್ತುವ ಹಿಂದಿನ ರಾತ್ರಿ ಬೀಜವನ್ನು ಅಂಗೈಯಲ್ಲಿ ಮೆತ್ತಗೆ ಉಜ್ಜಿ. ಒಂದು ಕಾಳು ಎರಡಾಗಿ ಸೀಳುತ್ತದೆ. ಗಾಬರಿ ಬೇಡ, ಅದು ಒಡೆದದ್ದಲ್ಲ. ನಾವು ಸೋಂಪಿನ ಕಾಳು ಅನ್ನುವುದು ನಿಜಕ್ಕೂ ಒಂದು ಒಣ ಹಣ್ಣು. ಅದರಲ್ಲಿ ಎರಡು ಹೋಳು, ಒಂದೊಂದು ಹೋಳಿನಲ್ಲಿ ಒಂದೊಂದು ಬೀಜ. ಕೊತ್ತಂಬರಿ ಬಿತ್ತುವಾಗ ಲಟ್ಟಣಿಗೆ ಆಡಿಸಿ ಎರಡು ಮಾಡುತ್ತೀರಲ್ಲ, ಅದೇ ಕಥೆ. ಆದರೆ ಸೋಂಪಿಗೆ ಲಟ್ಟಣಿಗೆ ಬೇಡ, ಅಂಗೈ ಸಾಕು. ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಬೆಳಿಗ್ಗೆ ಬಸಿದು, ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಎಂಟರಿಂದ ಹದಿನಾಲ್ಕು ದಿನ ಮಣ್ಣು ಒಣಗದ ಹಾಗೆ ನೋಡಿಕೊಳ್ಳಿ. ಮೊದಲು ಬರುವುದು ಹುಲ್ಲಿನಂಥ ಎರಡು ಉದ್ದನೆಯ ಎಲೆ. ಅದನ್ನು ಕಳೆ ಅಂತ ಕಿತ್ತುಬಿಡಬೇಡಿ.

ಕುಂಡ ಆಳವಾಗಿರಲಿ. ಕನಿಷ್ಠ ಒಂದು ಅಡಿ. 20 ಲೀಟರಿನ ಹಳೆ ಪೇಂಟ್ ಬಕೆಟ್ ಇದ್ದರೆ ಚೆನ್ನಾಗಿ ತೊಳೆದು, ತಳಕ್ಕೆ ಐದಾರು ತೂತು ಕೊರೆದು ಬಳಸಿ. ಒಂದು ಬಕೆಟ್‌ಗೆ ಒಂದೇ ಗಿಡ, ತೀರಾ ಆಸೆಯಾದರೆ ಎರಡು. ನೆಲದಲ್ಲಾದರೆ ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ನೀರು ಬಸಿದುಹೋಗಬೇಕು, ಅದೊಂದೇ ಷರತ್ತು. ಮಣ್ಣು ಸ್ವಲ್ಪ ಸುಣ್ಣದ ಗುಣದ್ದಾಗಿದ್ದರೂ ಸೋಂಪು ತಕರಾರು ಮಾಡುವುದಿಲ್ಲ.

ಗೊಬ್ಬರದ ವಿಷಯದಲ್ಲಿ ಜಿಪುಣರಾಗಿ. ಇದು ನಾನು ಎಲ್ಲರಿಗೂ ಹೇಳುವ, ಯಾರೂ ಕೇಳದ ಮಾತು. ವಾರ ವಾರ ಹಿಂಡಿ ನೀರು, ಯೂರಿಯಾ, ಜೀವಾಮೃತ ಅಂತ ಸುರಿದರೆ ಗಿಡ ಕಪ್ಪುಹಸಿರಾಗಿ, ಮೆತ್ತಗಾಗಿ ಎದ್ದು ನಿಲ್ಲುತ್ತದೆ. ನೋಡಲು ಚೆಂದ. ಹೇನಿಗೆ ಅದಕ್ಕಿಂತ ಒಳ್ಳೆ ಹಬ್ಬದೂಟ ಇಲ್ಲ. ನೆಟ್ಟು ಒಂದು ತಿಂಗಳಿಗೆ ಒಂದು ಹಿಡಿ ಎರೆಗೊಬ್ಬರ, ಹೂವಿನ ಮೊಗ್ಗು ಕಂಡಾಗ ಇನ್ನೊಂದು ಹಿಡಿ. ಮುಗಿಯಿತು.

ಹೇನಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಚಳಿಗಾಲದಲ್ಲಿ ಸರಿಯಾಗಿ ಬಿತ್ತಿದರೂ ಅದು ಬಂದೇ ಬರುತ್ತದೆ. ಜನವರಿ-ಫೆಬ್ರವರಿಯಲ್ಲಿ, ಸರಿಯಾಗಿ ಹೂವು ಬಿಡುವ ಹೊತ್ತಿಗೆ. ಕೊಡೆಯ ಕಡ್ಡಿಗಳು ಸೇರುವ ಸಂದಿಯಲ್ಲಿ ಮೊದಲು ನಾಲ್ಕೈದು ಹಸಿರು ಚುಕ್ಕಿ ಕಾಣುತ್ತವೆ. ಒಂದು ವಾರ ಬಿಟ್ಟು ನೋಡಿದರೆ ಕಡ್ಡಿಯೇ ಕಾಣುವುದಿಲ್ಲ. ಹೇನು ಹೀರಿದ ರಸ ಸಿಹಿ ಅಂಟಾಗಿ ಕಾಳಿನ ಮೇಲೆ ಸುರಿಯುತ್ತದೆ. ಅದರ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಗಿಡದ ಮೇಲೆ ಇರುವೆ ಓಡಾಟ ಶುರುವಾದರೆ ಅದೇ ಮೊದಲ ಎಚ್ಚರಿಕೆ. ಇರುವೆಗಳು ಆ ಸಿಹಿಗಾಗಿ ಹೇನನ್ನು ಹಸು ಕಾದ ಹಾಗೆ ಕಾಯುತ್ತವೆ.

ಮೊದಲ ಔಷಧಿ ಬರೀ ನೀರು. ಬೆಳಿಗ್ಗೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಇನ್ನೊಂದು ಕೈಯಲ್ಲಿ ಗೊಂಚಲನ್ನು ಹಿಂದಿನಿಂದ ಹಿಡಿದು, ಚುರುಕಾಗಿ ಹಾಯಿಸಿ. ಮೂರು ದಿನ ಬಿಟ್ಟು ಮತ್ತೊಮ್ಮೆ. ಕೆಳಗೆ ಬಿದ್ದ ಹೇನಿನಲ್ಲಿ ಹೆಚ್ಚಿನವು ಮರಳಿ ಹತ್ತುವುದಿಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ಬೆರೆಯಲಿಕ್ಕೆ ನಾಲ್ಕು ಹನಿ ಸೋಪಿನ ದ್ರವ. ಸಂಜೆ ಸೂರ್ಯ ಇಳಿದ ಮೇಲೆ ಸಿಂಪಡಿಸಿ. ಬೆಳಗಿನ ಹೊತ್ತು ಬೇಡ. ಸೋಂಪಿನ ಹೂವಿನ ಮೇಲೆ ಬೆಳಿಗ್ಗೆ ಎಷ್ಟು ಜೇನುಹುಳ, ನೊಣ, ಸಣ್ಣ ಕಣಜ ಇರುತ್ತವೆ ಅಂತ ಒಮ್ಮೆ ನಿಂತು ನೋಡಿ. ಅವೇ ನಿಮ್ಮ ಕಾಳು ಕಟ್ಟಿಸುವವು.

ಸಿಂಪಡಿಸುವ ಮೊದಲು ಇನ್ನೊಂದು ಹುಳ ಇದೆಯಾ ನೋಡಿ. ಕಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲು, ಪುಟಾಣಿ ಮೊಸಳೆ ಹಾಗೆ. ನೋಡಿದ ಕೂಡಲೇ ‘ಅಯ್ಯೋ’ ಅಂತ ಚಿವುಟಿ ಹಾಕುವಂಥ ಆಕಾರ. ಅದು ಗುಲಗಂಜಿ ಹುಳದ ಮರಿ. ದಿನಕ್ಕೆ ಹತ್ತಾರು ಹೇನು ತಿನ್ನುತ್ತದೆ. ಅದು ನಾಲ್ಕೈದು ಕಂಡರೆ ಬೇವಿನೆಣ್ಣೆ ಬಾಟಲಿ ಒಳಗಿಟ್ಟು ಒಂದು ವಾರ ಸುಮ್ನೆ ಕಾಯಿರಿ. ನನ್ನ ತಾರಸಿಯಲ್ಲಿ ಎರಡು ವರ್ಷದಿಂದ ಈ ಮೊಸಳೆಗಳದ್ದೇ ಕಾವಲು.

ಎಲೆ ಮೇಲೆ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಕಂಡರೆ ಅದು ಬೂದಿ ರೋಗ. ಹಗಲು ಬಿಸಿ, ರಾತ್ರಿ ಚಳಿ ಇರುವ ಫೆಬ್ರವರಿಯಲ್ಲಿ ಬರುತ್ತದೆ. ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಬಿಸಿಲು ಕಡಿಮೆ ಇರುವಾಗ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬೇಡಿ, ಎಲೆ ಸುಡುತ್ತದೆ.

ನೀರು: ಎಳೆಯದರಲ್ಲಿ ದಿನಾ ಸ್ವಲ್ಪ, ಬೇರಿಳಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಪೂರ್ತಿ. ಆದರೆ ಹೂವು ಬಿಟ್ಟು ಕಾಳು ತುಂಬುವ ಹೊತ್ತಿನಲ್ಲಿ ಗಿಡ ಬಾಡಿದರೆ ಮತ್ತೆ ಜೊಳ್ಳು ಗ್ಯಾರಂಟಿ. ಫೆಬ್ರವರಿ ಕೊನೆಯಲ್ಲಿ ಊರಿಗೆ ಹೋಗುವುದಿದ್ದರೆ ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗಿ. ಗಿಡ ಐದಾರು ಅಡಿ ಬೆಳೆಯುತ್ತದೆ. ತಾರಸಿ ಗಾಳಿಗೆ ಮುರಿಯದ ಹಾಗೆ ಒಂದು ಕೋಲು ಕಟ್ಟಿ.

ಇನ್ನು ಆ ಬಿಳಿ ಗೆಡ್ಡೆ. ನಿಮ್ಮ ಗಿಡದಲ್ಲಿ ಅದು ನೂರು ವರ್ಷ ಕಾದರೂ ಬರುವುದಿಲ್ಲ. ಅದು ಬೇರೆಯೇ ಬಗೆಯ ಸೋಂಪು, ಇಟಲಿಯವರು ತರಕಾರಿಗೆ ಅಂತಲೇ ಬೆಳೆಸಿಕೊಂಡು ಬಂದದ್ದು. ಫ್ಲಾರೆನ್ಸ್ ಫೆನಲ್ ಅಂತ ಬೀಜ ಸಿಗುತ್ತದೆ. ಗೆಡ್ಡೆ ಅನ್ನುವುದೂ ನಮ್ಮ ಬಾಯಿಮಾತು. ಮೂಲಂಗಿ ಥರ ಬೇರು ದಪ್ಪಗಾದದ್ದಲ್ಲ ಅದು. ಈರುಳ್ಳಿಯಲ್ಲಿ ಹೇಗೋ ಹಾಗೆ, ಎಲೆಯ ಬುಡಗಳೇ ಒಂದರ ಮೇಲೊಂದು ದಪ್ಪಗಾಗಿ ಕೂತಿರುತ್ತವೆ, ಮಣ್ಣಿನ ಮೇಲೇ. ಆಗಲೇ ಹೇಳಿದ ಒರೆಯಂಥ ದಂಟು ನೆನಪಿದೆಯಲ್ಲ? ಅದೇ ಉಬ್ಬಿದ ರೂಪ.

ಅದನ್ನು ಬೆಳೆಯುವುದು ಕಾಳಿನ ಸೋಂಪಿಗಿಂತ ನಾಜೂಕು. ಗಿಡಕ್ಕೆ ಏನಾದರೂ ಕಷ್ಟ ಬಂತು ಅನ್ನಿಸಿದರೆ ಸಾಕು, ಗೆಡ್ಡೆ ಕಟ್ಟುವುದನ್ನು ಬಿಟ್ಟು ಹೂದಂಟು ಎಬ್ಬಿಸುತ್ತದೆ. ಹಗಲು ಉದ್ದವಾದರೂ ಹಾಗೆ ಮಾಡುತ್ತದೆ. ಇಂಗ್ಲೆಂಡಿನಲ್ಲಿರುವ ನಮ್ಮವರು ಅದಕ್ಕೇ ಜೂನ್ ಮಧ್ಯ ದಾಟುವವರೆಗೆ ಬಿತ್ತಬಾರದು. ನಮ್ಮಲ್ಲಿ ಬೇಸಿಗೆಯ ಅತಿ ಉದ್ದದ ಹಗಲೂ 13 ಗಂಟೆ ಆಸುಪಾಸಿಗೇ ನಿಲ್ಲುವುದರಿಂದ ಆ ಚಿಂತೆ ಅಷ್ಟಿಲ್ಲ. ನಮ್ಮ ಶತ್ರು ಸೆಕೆ, ಒಣಗುವ ಮಣ್ಣು ಮತ್ತು ಹರಿದ ಬೇರು. ಆದ್ದರಿಂದ ಇದನ್ನು ಅಕ್ಟೋಬರ್ ಮಧ್ಯದಲ್ಲಿ ಇರುವ ಜಾಗಕ್ಕೇ ಬಿತ್ತಿ, ನಾಟಿ ಬೇಡ. ಒಂದು ದಿನವೂ ಒಣಗಿಸಬೇಡಿ. ಬುಡ ಕೋಳಿಮೊಟ್ಟೆ ಗಾತ್ರಕ್ಕೆ ಬಂದಾಗ ಸುತ್ತ ಅರ್ಧದವರೆಗೆ ಮಣ್ಣು ಏರಿಸಿದರೆ ಬಿಳಿಯಾಗಿ, ಎಳೆಯಾಗಿ ಉಳಿಯುತ್ತದೆ. ಮೂರು ಮೂರೂವರೆ ತಿಂಗಳಿಗೆ ಮುಷ್ಟಿ ಗಾತ್ರ. ಬೇರು ಕೀಳದೆ ಮೇಲಿಂದ ಕೊಯ್ದರೆ ಅಲ್ಲಿಂದಲೇ ಮತ್ತೆ ಸಣ್ಣ ಚಿಗುರು ಬರುತ್ತದೆ. ತೆಳ್ಳಗೆ ಹೆಚ್ಚಿ, ನೆನೆದ ಹೆಸರುಬೇಳೆ, ಕಾಯಿತುರಿ, ನಿಂಬೆರಸ ಹಾಕಿ ಕೋಸಂಬರಿ ಮಾಡಿ ನೋಡಿ. ಇಟಲಿಯವರಿಗೆ ಗೊತ್ತಾದರೆ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ಸೊಪ್ಪಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸಬ್ಬಸಿಗೆ ಥರ ಇದೆ ಅಂತ ಸಬ್ಬಸಿಗೆ ಜಾಗಕ್ಕೆ ಹಾಕಬೇಡಿ. ನಮ್ಮ ಮನೆಯಲ್ಲಿ ಒಮ್ಮೆ ಸೋಂಪಿನ ಸೊಪ್ಪಿನ ಅಕ್ಕಿರೊಟ್ಟಿ ಆಯಿತು. ಹಸಿಮೆಣಸಿನಕಾಯಿ, ಈರುಳ್ಳಿ ಜೊತೆ ಬೀಡಾ ಅಗಿದ ಹಾಗಿತ್ತು. ಮಕ್ಕಳು ಇವತ್ತಿಗೂ ಆಡಿಕೊಳ್ಳುತ್ತಾರೆ. ಮಜ್ಜಿಗೆಗೆ ನಾಲ್ಕು ಎಳೆ ಕತ್ತರಿಸಿ ಹಾಕಿ, ಬೇಸಿಗೆಯ ನಿಂಬೆ ಪಾನಕಕ್ಕೆ ಹಾಕಿ, ಅಲ್ಲಿ ಅದರ ಸಿಹಿ ಹೊಂದುತ್ತದೆ.

ಪಕ್ಕದಲ್ಲಿ ಏನು ನೆಡಬೇಕು ಅನ್ನುವ ಪ್ರಶ್ನೆ ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ. ಸೋಂಪು ಪಕ್ಕದ ಟೊಮೆಟೊ, ಹುರುಳಿಕಾಯಿ ಬೆಳೆಯಲು ಬಿಡುವುದಿಲ್ಲ ಅನ್ನುವ ಮಾತಿದೆ. ಬೇರೆ ಕುಂಡ ಕೊಟ್ಟರೆ ಜಗಳವೇ ಇಲ್ಲ. ಸಬ್ಬಸಿಗೆ ಪಕ್ಕ ಇಟ್ಟರೆ ಕಾಳಿನ ರುಚಿ ಕೆಡುತ್ತದೆ ಅಂತಲೂ ಹೆದರಿಸುತ್ತಾರೆ. ಈ ವರ್ಷದ ಕಾಳಿಗೆ ಏನೂ ಆಗುವುದಿಲ್ಲ. ಸೋಂಪಿನ ಘಮ ಇರುವುದು ಕಾಳಿನ ಸಿಪ್ಪೆಯೊಳಗಿನ ಸಣ್ಣ ಎಣ್ಣೆನಾಳಗಳಲ್ಲಿ. ಆ ಸಿಪ್ಪೆ ತಾಯಿಗಿಡದ್ದೇ, ಪರಾಗ ಯಾವುದು ಬಂದರೂ ಅದು ಬದಲಾಗುವುದಿಲ್ಲ. ಮುಂದಿನ ವರ್ಷಕ್ಕೆ ಬೀಜ ಎತ್ತಿಡುವ ಆಸೆ ಇದ್ದರೆ ಮಾತ್ರ ಎರಡನ್ನೂ ದೂರ ಇಡಿ.

ಕೊಯ್ಲಿಗೆ ಅವಸರ ಮಾಡಬೇಡಿ, ತಡವೂ ಮಾಡಬೇಡಿ. ಎಲ್ಲ ಗೊಂಚಲು ಒಟ್ಟಿಗೆ ಬಲಿಯುವುದಿಲ್ಲ. ನಡುವಿನ ದೊಡ್ಡ ಕೊಡೆ ಮೊದಲು, ಪಕ್ಕದವು ಆಮೇಲೆ. ಹಾಗಾಗಿ ಹತ್ತು ಹದಿನೈದು ದಿನಕ್ಕೊಮ್ಮೆ ಕತ್ತರಿ ಹಿಡಿದು ನಾಲ್ಕೈದು ಸಲ ಹತ್ತಬೇಕು. ಬಾಯಿಗೆ ಹಾಕಿಕೊಳ್ಳುವ ಸಿಹಿ ಸೋಂಪು ಬೇಕಾದರೆ ಹೂವಾಗಿ ಮೂವತ್ತು ನಲವತ್ತು ದಿನಕ್ಕೆ, ಕಾಳು ಇನ್ನೂ ಹಚ್ಚಗೆ, ಅರ್ಧ ಗಾತ್ರ ಇರುವಾಗಲೇ ಕೊಯ್ಯಿರಿ. ಮಸಾಲೆಗಾದರೆ ಹಸಿರು ಹಳದಿಗೆ ತಿರುಗುವಾಗ. ಬೀಜಕ್ಕಾದರೆ ಒಂದು ಒಳ್ಳೆ ಗೊಂಚಲನ್ನು ಗಿಡದಲ್ಲೇ ಪೂರ್ತಿ ಒಣಗಲು ಬಿಡಿ.

ಒಣಗಿಸುವುದು ನೆರಳಲ್ಲಿ. ಸಂಡಿಗೆ ಒಣಗಿಸಿದ ಹಾಗೆ ಬಿಸಿಲಿಗೆ ಹರಡಿದರೆ ಹಸಿರೂ ಹೋಗುತ್ತದೆ, ಎಣ್ಣೆಯೂ ಹಾರುತ್ತದೆ. ಕೊನೆಗೆ ಹೊಟ್ಟು ಬಣ್ಣದ, ಘಮ ಇಲ್ಲದ ಕಾಳು ಉಳಿಯುತ್ತದೆ. ಗೊಂಚಲುಗಳನ್ನು ತಲೆಕೆಳಗಾಗಿ ಕಟ್ಟಿ, ಸುತ್ತ ಕಾಗದದ ಚೀಲ ತೊಡಿಸಿ, ಗಾಳಿಯಾಡುವ ಕೋಣೆಯಲ್ಲಿ ತೂಗುಹಾಕಿ. ಉದುರಿದ ಕಾಳು ಚೀಲದಲ್ಲೇ ಬೀಳುತ್ತದೆ. ಒಂದು ಗಿಡಕ್ಕೆ ಒಂದೆರಡು ಹಿಡಿ ಸಿಕ್ಕೀತು. ಅಂಗಡಿ ರೇಟು ಹಾಕಿ ಲೆಕ್ಕ ಮಾಡಬೇಡಿ, ನಷ್ಟವೇ. ಆದರೆ ಗಿಡದಿಂದ ಕಿತ್ತ ಹಸಿ ಸೋಂಪನ್ನು ಅಲ್ಲೇ ನಿಂತು ಅಗಿದರೆ ಹಲ್ಲಿಗೆ ಸಿಗುವ ಆ ತಣ್ಣನೆಯ ರಸ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕೊನೆಗೆ, ಈಗಿರುವ ಗಿಡಗಳು. ಕಿತ್ತುಹಾಕಬೇಡಿ. ಸಬ್ಬಸಿಗೆ ಒಂದು ಬೆಳೆಗೆ ಮುಗಿಯುತ್ತದೆ, ಸೋಂಪು ಹಾಗಲ್ಲ, ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೇನು ಹತ್ತಿದ ಹೂದಂಟುಗಳನ್ನೆಲ್ಲ ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಕಾಂಪೋಸ್ಟಿಗೆ ಬೇಡ. ಕುಂಡವನ್ನು ಮಳೆ ನೇರ ಬೀಳದ ಕಡೆ ಸರಿಸಿ, ತಳಕ್ಕೆ ಎರಡು ಇಟ್ಟಿಗೆ ಕೊಡಿ, ಮೇಲ್ಮಣ್ಣು ಕೆದಕಿ ಒಂದು ಹಿಡಿ ಎರೆಗೊಬ್ಬರ ಸೇರಿಸಿ. ಬುಡ ಗಟ್ಟಿಯಾಗಿದ್ದರೆ ಹದಿನೈದು ಇಪ್ಪತ್ತು ದಿನದಲ್ಲಿ ಚಿಗುರು ಕಾಣುತ್ತದೆ. ಬೆರಳಿಂದ ಒತ್ತಿದಾಗ ಬುಡ ಮೆತ್ತಗಿದ್ದರೆ ಮಾತ್ರ ಎಸೆಯಿರಿ, ಮಣ್ಣಿನ ಸಮೇತ. ಚಿಗುರಿದ ಹಳೆ ಗಿಡ ಮತ್ತು ಲೋಟದ ಹೊಸ ಸಸಿ, ಎರಡನ್ನೂ ತಾರಸಿಯ ಬೇರೆ ಬೇರೆ ಮೂಲೆಯಲ್ಲಿಡಿ. ಹಳೆಯದರಲ್ಲಿ ಒಂದೆರಡು ಹೇನು ಅಡಗಿ ಕೂತಿದ್ದರೆ ಹೊಸದಕ್ಕೆ ದಾಟಲು ಅವಕ್ಕೆ ಒಂದು ರಾತ್ರಿ ಸಾಕು.